ಮನೆ ತೋರಿಸದ ಅಧ್ಯಕ್ಷರು

ನನಗೆ ಹತ್ತು ವರ್ಷವಾಗಿದ್ದ ಆ ದಿನಗಳಲ್ಲಿ, ನಾವು ನೆಲೆಸಿದ್ದ ಪರದೇಶದ ಊರು ವಾಟರ್‌ಫರ್ಡ್‌ನಲ್ಲಿ ನಮ್ಮ ಮನೆಯ ಮೂವರನ್ನು ಬಿಟ್ಟು ಕನ್ನಡದವರು ಇದ್ದರೋ ಇಲ್ಲವೋ, ನಮಗಂತೂ ಗೊತ್ತಿರಲಿಲ್ಲ. ಚಿಕ್ಕಮ್ಮನ ಮನೆ ದೂರದ ಸ್ವೋರ್ಡ್ಸ್ ಊರಿನಲ್ಲಿ. ದೀಪಾವಳಿಗೆ ಒಮ್ಮೆ ಹೋಗಿ ಬಂದರೆ ವರ್ಷದ ನೆಂಟಸ್ತಿಕೆ ಮುಗಿಯಿತು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಅಪ್ಪನಿಗೆ ಗೋದಾಮಿನಲ್ಲಿ ಕೆಲಸ, ಇಬ್ಬರಿಗೂ ಶಿಫ್ಟ್. ಶಾಲೆ ಬಿಟ್ಟು ಬಂದವಳು ಮನೆಯ ಮುಂದೆ ಚಾಕ್‌ನಲ್ಲಿ ಕುಂಟಾಬಿಲ್ಲೆ ಬರೆದು ಒಬ್ಬಳೇ ಆಡುತ್ತಿದ್ದೆ. ಒಂದು ಸಲ ನನ್ನ ಸರದಿ, ಇನ್ನೊಂದು ಸಲ ಇಲ್ಲದ ಗೆಳತಿಯ ಸರದಿ. ಅವಳ ಬಿಲ್ಲೆಯನ್ನೂ ನಾನೇ ಎಸೆಯಬೇಕು. ಹೇಳಲು ನಾಚಿಕೆ, ಎಷ್ಟೋ ಸಲ ಅವಳೇ ಗೆಲ್ಲುತ್ತಿದ್ದಳು.

ಈ ಆಟವನ್ನು ಬೇಲಿಯಾಚೆಯಿಂದ ನೋಡುತ್ತಿದ್ದವರು ಪಕ್ಕದ ಮನೆಯ ಸೋ ವಾ ಅಂಕಲ್. ಬರ್ಮಾದ ಗಡಿಗುಡ್ಡಗಳ ಕರೆನ್ ಜನ. ಅರವತ್ತು ದಾಟಿದ, ಹೆಂಡತಿಯನ್ನು ಕಳೆದುಕೊಂಡ, ಮೊಣಕಾಲು ಎಳೆದು ನಡೆಯುವ ಕುಳ್ಳ ಮನುಷ್ಯ. ಅಮ್ಮನ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮಾಡುತ್ತಿದ್ದರು. ಅವರದು ತುಂಡು ತುಂಡು ಇಂಗ್ಲಿಷ್. ಆದರೆ ಅವರ ಮಾತುಗಳು ಯಾಕೋ ನನಗೆ ಕನ್ನಡದಲ್ಲೇ ನೆನಪಿವೆ.

"ಅವರು ಊರಲ್ಲಿ ದೊಡ್ಡ ಅಧ್ಯಕ್ಷರಾಗಿದ್ದವರು, ಗೊತ್ತುಂಟಾ?" ಎಂದು ಅಮ್ಮ ಹೇಳಿದಾಗ ನಾನು ನಂಬಲಿಲ್ಲ. ಅಧ್ಯಕ್ಷರೆಂದರೆ ಕಾರು, ಹಾರ, ಹಿಂದೆ ನಾಲ್ಕು ಜನ. ಇವರ ಹಿಂದೆ ಬೆಕ್ಕೂ ಬರುತ್ತಿರಲಿಲ್ಲ. ನೇರವಾಗಿ ಕೇಳಿಯೇಬಿಟ್ಟೆ. ಅವರು ನಕ್ಕು, ಮೆಟ್ಟಿಲ ಮೇಲೆ ಕೂತು ಹೇಳಿದರು. ಮೊದಲು ಶಾಲಾ ಮಾಸ್ತರು, ಆಮೇಲೆ ಊರಿನ ಮುಖಂಡ, ಆಮೇಲೆ ಜನ ಆರಿಸಿ ಇಡೀ ಜಿಲ್ಲೆಗೇ ಅಧ್ಯಕ್ಷ. ಕಚೇರಿ ಎಂದರೆ ಒಂದು ಬಿದಿರಿನ ಚಪ್ಪರ. ಕೆಲಸ ಎಂದರೆ ಗದ್ದೆಗೆ ನುಗ್ಗಿದ ಎಮ್ಮೆಯ ಜಗಳ ಬಿಡಿಸುವುದು, ಶಾಲೆಗೆ ಮಾಸ್ತರನ್ನು ಹುಡುಕುವುದು, ಸೈನ್ಯ ಬರುತ್ತಿದೆ ಎಂದು ಸುದ್ದಿ ಬಂದರೆ ಊರನ್ನೇ ಕಾಡಿಗೆ ಹೊರಡಿಸುವುದು.

"ಕಚೇರಿಯನ್ನು ಮೂರು ಸಲ ಬೆನ್ನ ಮೇಲೆ ಹೊತ್ತು ಓಡಿದ್ದೇನೆ," ಎಂದರು. ಕೊನೆಗೆ ನದಿ ದಾಟಿ ಥಾಯ್ಲೆಂಡಿನ ನಿರಾಶ್ರಿತರ ಶಿಬಿರ ಸೇರಿದ್ದರು. ಅಲ್ಲಿಯೂ ಜನ ಅವರನ್ನೇ ಆರಿಸಿದರಂತೆ. "ಈ ಊರಲ್ಲಿ ಮಾತ್ರ ಇನ್ನೂ ಯಾರೂ ಆರಿಸಿಲ್ಲ. ಕೇಳಿ ನೋಡೋಣ ಅಂತ."

ನಿಜವಾಗಿಯೂ ಕೇಳಿದರು. ಆ ವಸಂತದಲ್ಲಿ, ನಮ್ಮ ನಗರಸಭೆಯಂಥ ಕೌನ್ಸಿಲ್‌ನ ಚುನಾವಣೆಗೆ ಪಕ್ಷೇತರರಾಗಿ ನಿಂತರು. ಇಲ್ಲಿ ವಾಸವಿದ್ದರೆ ಸಾಕು, ಈ ದೇಶದ ಪಾಸ್‌ಪೋರ್ಟ್ ಇಲ್ಲದವರೂ ಕೌನ್ಸಿಲ್‌ಗೆ ನಿಲ್ಲಬಹುದು, ಮತ ಹಾಕಬಹುದು. ಇದನ್ನು ನಮ್ಮಪ್ಪನಿಗೆ ಹೇಳಿಕೊಟ್ಟು, ಮತದಾರರ ಪಟ್ಟಿಯ ಫಾರ್ಮ್ ತಂದುಕೊಟ್ಟವರೂ ಅವರೇ.

ಅವರ ಪ್ರಚಾರದ ಇಡೀ ಪಡೆ ಎಂದರೆ ನಾನು. ಸಂಜೆಯಾದರೆ ಕರಪತ್ರದ ಚೀಲ ಹೊತ್ತು ಅವರ ಜೊತೆ ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದೆ. ಅವರು ಎಡಗೈಯಿಂದ ಬಲ ಮೊಣಕೈ ಮುಟ್ಟಿಕೊಂಡು, ತಲೆ ಬಾಗಿಸಿ, ಬಲಗೈಯಲ್ಲಿ ಕರಪತ್ರ ಕೊಡುತ್ತಿದ್ದರು. ಅವರ ಕಡೆ ಮರ್ಯಾದೆಯಿಂದ ಕೊಡುವ ರೀತಿ ಅದು. ಆಮೇಲೆ ಪುಸ್ತಕ ತೆಗೆದು, ನಿಮ್ಮ ಬೀದಿಯಲ್ಲಿ ಏನು ಕೆಟ್ಟಿದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಉರಿಯದ ದೀಪ, ಒಡೆದ ಫುಟ್‌ಪಾತ್. ತಿರುಗಿ ಬಂದ ಮೇಲೆ ಅವರ ಅಡುಗೆಮನೆಯಲ್ಲಿ ಅಕ್ಕಿನುಚ್ಚು, ಕಳಲೆ, ಸೊಪ್ಪು ಹಾಕಿ ಬೇಯಿಸಿದ ಬಿಸಿ ಸೂಪು. ಆ ವಾರಗಳಲ್ಲಿ ಕುಂಟಾಬಿಲ್ಲೆ ಬರೆದ ನೆನಪಿಲ್ಲ. ನಾನು ಯಾರಿಗೋ ಬೇಕಾದವಳಾಗಿದ್ದೆ.

ಈಗ ಮೀನಿನ ಮಾತು ಹೇಳಬೇಕು. ಕುಂದಾಪುರದಿಂದ ಯಾರಾದರೂ ಬಂದರೆ ಅಮ್ಮನಿಗೆ ಒಣ ಬಂಗುಡೆ, ಒಣ ಸಿಗಡಿ ಬರುತ್ತಿತ್ತು. ಬಾಡಿಗೆ ಮನೆಯ ಕಾರ್ಪೆಟ್ಟಿಗೂ ತನ್ನ ಯೂನಿಫಾರ್ಮಿಗೂ ವಾಸನೆ ಹತ್ತಬಾರದೆಂದು ಅವಳು ಅದನ್ನು ಹಿತ್ತಲಿನ ಶೆಡ್‌ನಲ್ಲಿ, ಸಣ್ಣ ಗ್ಯಾಸ್ ಒಲೆಯಲ್ಲಿ ಸುಡುತ್ತಿದ್ದಳು. ಆ ಶೆಡ್ ಇದ್ದದ್ದು ಸೋ ವಾ ಅಂಕಲ್‌ರ ಬೇಲಿಗೆ ತಾಗಿಕೊಂಡು. ಒಂದು ಶನಿವಾರ ಬೆಳಿಗ್ಗೆ ಅಮ್ಮನಿಗೆ ರಜೆ, ಹೊರಗೆ ಅಪರೂಪದ ಬಿಸಿಲು. ಉಳಿದಿದ್ದ ಅಷ್ಟೂ ಬಂಗುಡೆಯನ್ನು ಸುಟ್ಟಳು. ಗಂಜಿಗೆ ಅದನ್ನು ನೆಂಚಿಕೊಂಡು ತಿಂದ ರುಚಿ ಇನ್ನೂ ನಾಲಿಗೆಯಲ್ಲಿದೆ. ಬೀದಿಯಲ್ಲಿ ಜನ ಬಟ್ಟೆ ಒಣಹಾಕಿದ್ದು, ಕಿಟಕಿ ತೆರೆದಿಟ್ಟಿದ್ದು ನಮಗೆ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಬಡಾವಣೆಯ ಫೇಸ್‌ಬುಕ್ ಗುಂಪಿನಲ್ಲಿ ಮಾತು ಶುರುವಾಗಿತ್ತಂತೆ. ವೋಟು ಕೇಳಲು ಬರುವ ಮನುಷ್ಯ ಮೊದಲು ತನ್ನ ಹಿತ್ತಲು ಸ್ವಚ್ಛ ಇಟ್ಟುಕೊಳ್ಳಲಿ ಎಂದು. ಸಂಜೆ ನಾನೂ ಅಂಕಲ್ಲೂ ಅವರ ಮೆಟ್ಟಿಲ ಮೇಲೆ ಕೂತು ಕರಪತ್ರ ಮಡಚುತ್ತಿದ್ದಾಗ ಬಡಾವಣೆಯ ಇಬ್ಬರು ಬಂದರು. ಕೆಟ್ಟವರಲ್ಲ, ಮುಜುಗರಪಡುತ್ತಲೇ ಕೇಳಿದರು.

"ಬೆಳಿಗ್ಗೆಯ ಆ ಮೀನಿನ ವಾಸನೆ ನಿಮ್ಮ ಮನೆಯದಾ?"

ಬೆಳಿಗ್ಗೆ ಅವರು ಲಾಂಡ್ರಿಯಲ್ಲಿದ್ದರು. ಅದು ಅವರಿಗೆ ಗೊತ್ತು, ನನಗೂ ಗೊತ್ತು. ಅವರು ಒಮ್ಮೆ ನನ್ನ ಕಡೆ ನೋಡಿದರು. ನಾನು ಕೈಯಲ್ಲಿದ್ದ ಕರಪತ್ರವನ್ನು ಮತ್ತೆ ಮತ್ತೆ ಮಡಚಿದೆ.

"ಕ್ಷಮಿಸಿ," ಎಂದರು ಅವರು. "ಇನ್ನು ಮೇಲೆ ಹಾಗಾಗುವುದಿಲ್ಲ."

"ಗ್ರ್ಯಾಂಡ್, ಗ್ರ್ಯಾಂಡ್," ಎಂದು, ಸರಿ ಬಿಡಿ ಎನ್ನುವುದಕ್ಕೆ ಇಲ್ಲಿಯವರು ಆಡುವ ಮಾತನ್ನು ಆಡಿ, ಬಂದವರು ಹೊರಟುಹೋದರು.

ಮನೆಗೆ ಓಡಿಹೋಗಿ ಎಲ್ಲ ಹೇಳಿದೆ. ಅಮ್ಮ ಕೈ ಒರೆಸಿಕೊಂಡು ಎದ್ದಳು. "ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ ಹಾಗಾಯ್ತಲ್ಲ! ನಾನೇ ಹೋಗಿ ಹೇಳಿ ಬರ್ತೇನೆ."

"ಎಂತ ಮಾರಾಯ್ತಿ ನಿಂದು," ಅಪ್ಪ ಅಡ್ಡ ನಿಂತ. "ಮನೆ ಓನರ್ ಕಿವಿಗೆ ಬಿದ್ರೆ? ಪಾಸ್‌ಪೋರ್ಟಿನ ಅರ್ಜಿ ಬೇರೆ ಹೋಗಿಯಾಗಿದೆ. ನಾವು ಹೊರಗಿಂದ ಬಂದವರು, ಸುಮ್ಮನೆ ಇರುವ."

"ಅಂಕಲ್ ಸೋತ್ರೆ?" ಎಂದೆ.

"ಅವರೆಂತ ಗೆಲ್ಲುವ ಜನವಾ?"

ಅಪ್ಪನ ಮೇಲೆ ಆಗ ಬಂದ ಸಿಟ್ಟು ಈಗಿಲ್ಲ. ಮೀನು ಸುಟ್ಟದ್ದಕ್ಕೆ ಯಾರ ಪಾಸ್‌ಪೋರ್ಟೂ ತಪ್ಪುವುದಿಲ್ಲ. ಅದು ಗೊತ್ತಾಗಬೇಕಾದರೆ ಒಂದು ದೇಶದಲ್ಲಿ ಎಷ್ಟೋ ವರ್ಷ ಇರಬೇಕು. ಅಮ್ಮ ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ನಾನು ಮಾರನೆಯ ದಿನ ಪ್ರಚಾರಕ್ಕೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಪರದೆಯ ಹಿಂದೆ ನಿಂತು, ಅವರು ಚೀಲವನ್ನು ತಾವೇ ಹೊತ್ತು ಕಾಲೆಳೆಯುತ್ತ ಹೋಗುವುದನ್ನು ನೋಡಿದೆ. ಕೆಲವು ಬಾಗಿಲುಗಳು ತೆರೆಯಲೇ ಇಲ್ಲ.

ಮೊದಲ ಸುತ್ತಿನ ಎಣಿಕೆಯಲ್ಲೇ ಅವರು ಸೋತು ಹೊರಬಿದ್ದರು. ಅಮ್ಮ ಡ್ಯೂಟಿಗೆ ಹೋಗುವ ದಾರಿಯಲ್ಲಿ ಅವರಿಗೇ ಮತ ಹಾಕಿದ್ದಳು. ಅಪ್ಪ ಮಳೆಯ ನೆಪ ಹೇಳಿ ಮನೆಯಲ್ಲೇ ಉಳಿದಿದ್ದ.

ವಾರ ಕಳೆದ ಮೇಲೆ ಧೈರ್ಯ ಮಾಡಿ ಅವರ ಬಾಗಿಲು ತಟ್ಟಿದೆ. ಏನೂ ಆಗದವರಂತೆ ಒಳಗೆ ಕರೆದು ಸೂಪು ಬಡಿಸಿದರು. ನನ್ನ ಕಣ್ಣೀರು ಬಟ್ಟಲಿಗೇ ಬೀಳುತ್ತಿತ್ತು.

"ನಮ್ಮನೆ ವಾಸನೆ ಅಂತ ಯಾಕೆ ಹೇಳಲಿಲ್ಲ ನೀವು?"

ಅವರು ಮೊಣಕಾಲು ನೀವಿಕೊಂಡರು. "ನಮ್ಮೂರಿಗೆ ಸೈನ್ಯದವರು ಬಂದರೆ ಅಧ್ಯಕ್ಷನನ್ನು ಹಿಡಿದು ಕೇಳುತ್ತಿದ್ದರು, ಕಾಡಿನಲ್ಲಿರುವ ಬಂಡುಕೋರರಿಗೆ ಅಕ್ಕಿ ಕೊಟ್ಟ ಮನೆ ಯಾವುದು, ತೋರಿಸು ಅಂತ. ಒಂದು ಮನೆ ತೋರಿಸಿದ್ದರೆ ಈ ಕಾಲು ನೆಟ್ಟಗಿರುತ್ತಿತ್ತು." ನನ್ನ ಬಟ್ಟಲಿಗೆ ಇನ್ನೊಂದು ಸೌಟು ಹಾಕಿದರು. "ಇಲ್ಲಿಯವರು ಸೈನ್ಯದವರಲ್ಲ, ಒಳ್ಳೆಯ ಜನ. ಮನೆ ತೋರಿಸುವ ಅಭ್ಯಾಸ ನನಗೇ ತಪ್ಪಿಹೋಗಿದೆ. ಉಣ್ಣು, ಸೂಪು ಆರುತ್ತೆ."

ಬೇಸಿಗೆ ರಜೆಯಲ್ಲಿ ನಾವು ಊರಿಗೆ ಹೋಗಿ ಬರುವಷ್ಟರಲ್ಲಿ ಅವರು ಮನೆ ಖಾಲಿ ಮಾಡಿ, ಬೇರೆ ಜಿಲ್ಲೆಯಲ್ಲಿದ್ದ ಅಕ್ಕನ ಮಗನ ಹತ್ತಿರ ಹೋಗಿದ್ದರು. ವಿಳಾಸ ಯಾರಲ್ಲೂ ಇರಲಿಲ್ಲ. ಆಮೇಲೆ ಅವರು ಮತ್ತೆ ಯಾವ ಚುನಾವಣೆಗೂ ನಿಂತ ಸುದ್ದಿ ಕೇಳಲಿಲ್ಲ.

ನಮಗೆ ಪಾಸ್‌ಪೋರ್ಟ್ ಬಂತು, ಸ್ವಂತ ಮನೆಯಾಯಿತು. ಈಗ ಅಮ್ಮ ಕಿಟಕಿ ತೆರೆದಿಟ್ಟು ಒಣಮೀನು ಹುರಿಯುತ್ತಾಳೆ, ಯಾರೂ ಏನೂ ಅನ್ನುವುದಿಲ್ಲ. ವಾರಾಂತ್ಯಕ್ಕೆ ಮನೆ ತುಂಬ ಕನ್ನಡದವರು. ಇಷ್ಟು ಜನರ ನಡುವೆಯೂ ಆ ಸಂಜೆ ನೆನಪಾಗುತ್ತದೆ. ನಾನು ನಿಜ ಹೇಳಿದ್ದರೆ ಅವರು ಗೆಲ್ಲುತ್ತಿದ್ದರು ಎಂದಲ್ಲ, ಆಗಲೂ ಸೋಲುತ್ತಿದ್ದರು. ಆದರೆ ಆ ಮೆಟ್ಟಿಲ ಮೇಲೆ ಅವರು ಒಬ್ಬರೇ ಆಗಿರುತ್ತಿರಲಿಲ್ಲ.