ಬಚ್ಚಲಮನೆಯ ಪೆಟ್ಟಿಗೆಯಲ್ಲಿ ಅವಳು ಹಾಕಿದ ಗಂಟು

ಬೀದಿಯ ಮಂದಿಗೆ ಅವನು ಟೆಸ್ಟರ್ ಮಾಮ. ಜೇಬಿನಲ್ಲಿ ಟೆಸ್ಟರ್ ಇಲ್ಲದಿದ್ದರೆ ಮನುಷ್ಯ ಒಂದು ಕಡೆಗೆ ವಾಲುತ್ತಾನೆ ಎಂದು ಹೆಂಡತಿಯೇ ಗೇಲಿ ಮಾಡುತ್ತಿದ್ದಳು. ವೈರಿಂಗ್ ಕೆಲಸಕ್ಕೆ ಅವನು ಕೈಯಾಳು ಇಟ್ಟುಕೊಂಡವನಲ್ಲ. ಹತ್ತಿರದ ಕೆಲಸವಾದರೆ ಟಾರ್ಚ್ ಹಿಡಿಯಲು ಅವಳೇ ಬರುತ್ತಿದ್ದಳು. ನೋಡಿ ನೋಡಿ ಅವಳ ಕೈಯೂ ಕುದುರಿತ್ತು. ತಂತಿ ಸುಲಿದು, ಹೊಸೆದು, ಟೇಪನ್ನು ಎಳೆದು ಸುತ್ತಿ, ತುದಿಯನ್ನು ಉಗುರಿನಿಂದ ಒತ್ತುವುದರಲ್ಲಿ ಅವನಿಗಿಂತ ಅವಳೇ ಅಚ್ಚುಕಟ್ಟು.

ಒಮ್ಮೆ ಹೊಸ ಮನೆಯೊಂದರಲ್ಲಿ, ಮೀಟರಿನ ಕೆಳಗಿನ ಮುಖ್ಯ ಪೆಟ್ಟಿಗೆಯೊಳಗೆ ಅವನು ಎರಡು ತಂತಿಗಳನ್ನು ಸೇರಿಸಿ ಬಿಗಿಯುತ್ತಿದ್ದ. ಒಂದು ಬೀದಿಯ ಟ್ರಾನ್ಸ್‌ಫಾರ್ಮರಿಗೆ ಕರೆಂಟು ವಾಪಸ್ ಹೋಗುವ ನ್ಯೂಟ್ರಲ್, ಇನ್ನೊಂದು ನೆಲಕ್ಕಿಳಿಯುವ ಅರ್ಥ್.

"ಇವೆರಡನ್ನ ಯಾಕ್ರೀ ಸೇರಿಸ್ತೀರಿ?" ಎಂದು ಅವಳು ಕೇಳಿದಳು.

"ಶಾಕ್ ಹೊಡೀಬಾರ್ದು ಅಂತ ಕಣೇ. ಎಲ್ಲಾ ತಿಳ್ಕೊಂಡು ನೀನೇನು ಲೈಸೆನ್ಸ್ ತಗೊಳ್ತೀಯಾ? ನಡಿ, ಹೊಟ್ಟೆ ಹಸೀತಿದೆ."

ಹಾಳು ಹಸಿವು. ಅರ್ಧ ಉತ್ತರ ಕೊಟ್ಟು ಮುಗಿಸಿದ.

ಆಮೇಲೊಂದು ಸಲ ಅವನು ದೂರದ ಕಾರ್ಖಾನೆಯ ಕೆಲಸಕ್ಕೆ ಹೋಗಿದ್ದಾಗ ಅವಳ ಫೋನ್ ಬಂತು. ಬಚ್ಚಲಿನ ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತಿತ್ತಂತೆ, ತಾನೇ ಮೇನ್ ಆರಿಸಿ ಸರಿಮಾಡಿದೆ ಎಂದಳು. ದನಿಯಲ್ಲಿ ಬಿಂಕವಿತ್ತು. ಹೇಗೆ ಸರಿಮಾಡಿದೆ ಎಂದು ಅವನು ಕೇಳಲಿಲ್ಲ. ನನ್ನ ಹೆಂಡತಿ ನನ್ನ ಹೊಟ್ಟೆಯ ಮೇಲೇ ಹೊಡೆಯುತ್ತಾಳೆ ಎಂದು ಜೊತೆಗಾರರ ಮುಂದೆ ಜಂಭ ಕೊಚ್ಚಿಕೊಂಡ.

ವಾರ ಕಳೆಯುವುದರೊಳಗೆ ಅವನನ್ನು ಊರಿಗೆ ಕರೆಸಿದರು. ಅವಳನ್ನು ಹಜಾರದಲ್ಲಿ ಮಲಗಿಸಿದ್ದರು, ಕೂದಲು ಇನ್ನೂ ಒದ್ದೆಯಾಗಿತ್ತು. ಬಚ್ಚಲಿನಲ್ಲಿ ಶಾಕ್ ಹೊಡೆದದ್ದಕ್ಕೆ ನೆರೆಯವರೆಲ್ಲ ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹಿಡಿಶಾಪ ಹಾಕಿದರು.

ಬಂದವರೆಲ್ಲ ಹೋದ ಮೇಲೆ ಮಗಳು, ಸ್ನಾನಕ್ಕೆ ನೀರು ಕಾಯಿಸಲೇ ಎಂದು ಹೆದರುತ್ತಲೇ ಕೇಳಿದಳು. ಅವನು ಮೇನ್ ಆರಿಸಿ ಬಚ್ಚಲಿನ ಗೀಸರಿನ ಪೆಟ್ಟಿಗೆ ಬಿಚ್ಚಿದ. ಮಗಳು ಹಿಂದೆ ನಿಂತು ಟಾರ್ಚ್ ಹಿಡಿದಳು.

ಗೋಡೆಯೊಳಗಿನ ಅರ್ಥ್ ತಂತಿ ತುಂಡಾಗಿತ್ತು. ಜುಮ್ ಎಂದದ್ದು ಅದಕ್ಕೇ. ಗೀಸರಿನ ಮೈಯಿಂದ ಬಂದ ತಂತಿಯನ್ನು ಅವಳು ನ್ಯೂಟ್ರಲ್ಲಿಗೆ ಹೊಸೆದಿದ್ದಳು, ಅವನು ಮುಖ್ಯ ಪೆಟ್ಟಿಗೆಯಲ್ಲಿ ಮಾಡಿದ ಹಾಗೆಯೇ. ಆಮೇಲೆ ಮುಖ್ಯ ಪೆಟ್ಟಿಗೆಯಿಂದ ಬರುವ ನ್ಯೂಟ್ರಲ್ಲೇ ಸ್ಕ್ರೂವಿನಿಂದ ಕಳಚಿಕೊಂಡಿತ್ತು. ಅವಳ ಗಂಟು ಮಾತ್ರ ಕೂದಲೆಳೆಯಷ್ಟೂ ಸಡಿಲವಾಗಿರಲಿಲ್ಲ.

ಆ ಗಂಟು ಬಿಚ್ಚಲೇಬೇಕಿತ್ತು. ಅವಳ ಕೈ ಮಾಡಿದ ಕೊನೆಯ ಕೆಲಸ ಅದು, ಬಿಚ್ಚಲು ಅವನಿಗೆ ಮನಸ್ಸೇ ಬರಲಿಲ್ಲ. ಟೇಪಿನ ತುದಿಯನ್ನು ಉಗುರಿನಿಂದ ಕೆರೆದ. ಅಷ್ಟು ಚೆನ್ನಾಗಿ ಒತ್ತಿದ್ದಳು, ಅದು ಏಳಲೇ ಇಲ್ಲ.

"ಅವೆರಡನ್ನ ಸೇರಿಸೋದು ಮೇನ್ ಪೆಟ್ಟಿಗೇಲಿ ಮಾತ್ರ ಕಣೇ," ಎಂದ, ತಂತಿಯಿಂದ ಕಣ್ಣು ತೆಗೆಯದೆ. "ಅಲ್ಲಿಂದ ಈಚೆಗೆ ಎರಡೂ ಬೇರೆ ಬೇರೇನೇ ಇರ್ಬೇಕು. ಇಲ್ಲಿ ಸೇರಿಸಿದ್ರೆ, ನ್ಯೂಟ್ರಲ್ ಕಳಚಿದ ದಿನ ವಾಪಸ್ ಹೋಗೋ ಕರೆಂಟು ದಾರಿ ಇಲ್ದೆ ಗೀಸರಿನ ಮೈಯಿಂದ ನಲ್ಲಿಗೆ ಬರುತ್ತೆ."

ತನಗೇ ಹೇಳಿದ್ದು ಎಂದುಕೊಂಡು ಮಗಳು ಹೂಂ ಎಂದಳು.