ಮಗ್ಗದ ಸಂದಿಗೆ ಮಹಾನಂದಾ ಮಾಡಿದ ಡಬ್ಬಿ

ಮಹಾನಂದಾಳ ಎಡಗೈ ಕಿರುಬೆರಳು ಇವತ್ತಿಗೂ ನೆಟ್ಟಗಾಗಿಲ್ಲ. ಅದನ್ನು ಮುರಿದವನು ಅವಳ ಗಂಡ ಈರಣ್ಣ. ಇಳಕಲ್ಲಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ, ಹಾಡಹಗಲು, ನನ್ನ ಕಣ್ಣೆದುರೇ.

ಅಮೀನಗಡದ ಗಂಡನ ಮನೆಯಿಂದ ಅವಳು ಮೂರು ಸಲ ಓಡಿ ಬಂದಿದ್ದಳು. ಮೂರು ಸಲವೂ ಅಣ್ಣ ಬಸು ಬಸ್ಸು ಹತ್ತಿಸಿಕೊಂಡು ಹೋಗಿ ಬಿಟ್ಟು ಬಂದಿದ್ದ. ನಾಲ್ಕನೆಯ ಸಲ ಬಂದಾಗ ತುಟಿ ಒಡೆದಿತ್ತು. "ದುಡದ ತಿನ್ನೂದಿದ್ರ ಇರು, ಇಲ್ಲಂದ್ರ ಗಂಡನ ಮನಿಗಿ ನಡಿ," ಎಂದ ಆ ಅಣ್ಣ ಮಹಾರಾಯ. ನಾನು ಅವಳನ್ನು ಕೆಲಸಕ್ಕೆ ಇಟ್ಟುಕೊಂಡೆ.

ಆಗ ಬಂದವನು ಪವರ್‌ಲೂಮ್ ಶೆಡ್ಡಿನ ಲಕ್ಷ್ಮಣ. ಸೀರೆಯ ಡಿಸೈನು ನಡೆಸುವ ಅವನ ಕಂಪ್ಯೂಟರುಗಳು ಮಗ್ಗಗಳ ಸಂದಿಯಲ್ಲಿ ಹಿಡಿಸುತ್ತಿರಲಿಲ್ಲ. ಹತ್ತಿಯ ಧೂಳು ತಿಂದು ಕೆಡುತ್ತಿದ್ದವು. "ಕಂಪ್ಯೂಟರ್ ಹಿಡಿಸೂವಂಥ ಗೇಣಗಲದ ಡಬ್ಬಿ ಮಾಡಿ ಕೊಡ್ರಿ. ಛಲೋ ನಡದ್ರ ಹನ್ನೆರಡು ತಗೋತೇನಿ," ಎಂದ.

ಮಹಾನಂದಾ ಕರದಂಟಿನ ರಟ್ಟಿನ ಡಬ್ಬಿ ಕತ್ತರಿಸಿ, ಮದರ್‌ಬೋರ್ಡನ್ನು ಹೀಗಿಟ್ಟು ಹಾಗಿಟ್ಟು ನೋಡಿ, ಆಮೇಲೆ ತಗಡು ಬಗ್ಗಿಸಿದಳು. ಮೊದಲ ಡಬ್ಬಿ ಇಪ್ಪತ್ತೇ ನಿಮಿಷಕ್ಕೆ ಸುಟ್ಟ ವಾಸನೆ ಬಿಟ್ಟಿತು. ನೋಡಿದರೆ ಎಲ್ಲೂ ಒಂದು ತೂತಿಲ್ಲ!

"ಉಸರಾಡಾಕ ಜಾಗಾನ ಇಟ್ಟಿಲ್ಲಲ್ಲ ನೀ!" ಎಂದು ರೇಗಿದೆ.

"ಗಾಳಿ ಬಿಟ್ರ ಎಳಿ ಹರೀತಾವಲ್ರಿ, ನರ್ಗೀಸಕ್ಕಾರ," ಎಂದಳು. ಗಾಳಿಗೆ ನೂಲು ಒಣಗಿ ಹರಿಯದಿರಲೆಂದು ಕಿಟಕಿ ಮುಚ್ಚಿಡುವ ನೇಕಾರರ ಮನೆಯಲ್ಲಿ ಬೆಳೆದ ಹುಡುಗಿ. ಕಂಪ್ಯೂಟರನ್ನೂ ಮಗ್ಗದಂತೆ ಕಾಪಾಡಿದ್ದಳು.

ಐದನೆಯ ಡಬ್ಬಿಗೆ ಕೆಳಗಿನಿಂದ ಧೂಳು ತಡೆಯುವ ತೆಳುಬಟ್ಟೆಯ ಮೂಲಕ ಗಾಳಿ ಒಳಬಂದು, ಮೇಲಿನಿಂದ ಹೊರಹೋಗುವಂತೆ ಮಾಡಿದಳು. ಶೆಡ್ಡಿನಲ್ಲಿ ಮೂರು ದಿನ ನಿಲ್ಲದೆ ನಡೆಯಿತು. ಇಂಥವೇ ಹನ್ನೆರಡು ಡಬ್ಬಿ, ಹದಿನೈದು ದಿನದಲ್ಲಿ ಬೇಕೆಂದು ಲಕ್ಷ್ಮಣ ಮಾದರಿ ವಾಪಸ್ ಕೊಟ್ಟ. ಅಳತೆಯನ್ನು ಅವಳು ಎಲ್ಲೂ ಬರೆದಿರಲಿಲ್ಲ. ಎಲ್ಲ ಆ ಡಬ್ಬಿಯಲ್ಲೇ ಇತ್ತು.

ಅವತ್ತೇ ಈರಣ್ಣ ಬಂದ. ಜಡೆ ಹಿಡಿದು ಎಳೆದು, ಅವಳ ಎಡಗೈಯನ್ನು ಮೇಜಿಗೆ ಒತ್ತಿ, ತಗಡು ಬಡಿಯುವ ಸುತ್ತಿಗೆ ಎತ್ತಿಕೊಂಡ. "ಈ ಕೈಲೇ ದುಡಿತೀಯೇನ?" ಎಂದು ಹೊಡೆದೇಬಿಟ್ಟ. ಕಿರುಬೆರಳಿನ ಎಲುಬು ಲಟಕ್ಕೆಂದದ್ದು ನನಗೆ ಕೇಳಿಸಿತು. ನಾನು ಕಿರುಚಿದೆ ಅಷ್ಟೇ, ಬಿಡಿಸಲು ಹೋಗಲಿಲ್ಲ. ಆ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅವಳು ಬಲಗೈಯಲ್ಲಿ ಡಬ್ಬಿ ಎತ್ತಿ ಅವನ ದವಡೆಗೆ ಬೀಸಿದಳು. ಎರಡು ಹಲ್ಲು ನೆಲಕ್ಕೆ ಬಿದ್ದವು. ಮತ್ತೊಂದು ಏಟು ಮೊಣಕಾಲಿಗೆ. ಅವನು ಕುಸಿದು ಗೋಳಾಡತೊಡಗಿದ. ಮೂರನೆಯ ಏಟಿಗೆ ನಾನು ತಡೆದೆ. ಖರೆ ಹೇಳಬೇಕೆಂದರೆ ಬೇಕೆಂದೇ ತಡಮಾಡಿ ತಡೆದೆ.

ದೂರು ಕೊಡಲು ಹೋದ ಠಾಣೆಯಲ್ಲಿ ಪೊಲೀಸಮ್ಮ ಡಬ್ಬಿ ತೋರಿಸಿ, "ಹೊಡದ ಸಾಮಾನು ಇಲ್ಲೇ ಇರ್ತೈತಿ, ಕೇಸ್ ಮುಗಿಯೂತನಕಾ," ಎಂದಳು. ಬೆರಳು ಮುರಿದಾಗಲೂ ಅಳದವಳ ಕಣ್ಣಲ್ಲಿ ಆಗ ನೀರು ಬಂತು. ಡಬ್ಬಿ ಹೋದರೆ ಅಳತೆ ಹೋಯಿತು, ಅಳತೆ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಮತ್ತೆ ಅಮೀನಗಡ.

ಅಷ್ಟರಲ್ಲಿ ಬಸು ಓಡಿ ಬಂದ. "ರಾಜಿ ಮಾಡ್ಕೋ, ಮಾನಾ ಹೋಗ್ತೈತಿ. ಇವತ್ತ ಗಂಡನ ಮನಿಗಿ ನಡಿ," ಎಂದ.

ಅವಳು ಪೊಲೀಸಮ್ಮನ ಕಡೆ ತಿರುಗಿ, "ಒಂದೈದು ನಿಮಿಷ ಕೊಡ್ರಿ ಅಕ್ಕಾರ," ಎಂದಳು. ಸೆರಗಿನ ಅಂಚಿನಿಂದ ಉದ್ದನೆಯ ಎಳೆಯೊಂದನ್ನು ಹಲ್ಲಿನಲ್ಲಿ ಕಡಿದು ತೆಗೆದು, ಅಳತೆ ತೆಗೆದುಕೊಳ್ಳಲು ಡಬ್ಬಿಯ ಉದ್ದಕ್ಕೆ ಹಿಡಿಯಹೋದಳು. ಒಂದೇ ಕೈಗೆ ಆಗಲಿಲ್ಲ. ಎಳೆಯ ಒಂದು ತುದಿಯನ್ನು ಅಣ್ಣನತ್ತ ಚಾಚಿದಳು.

"ಇದನ್ನ ಹಿಡಿ."

ಕಪ್ಪಗೆ ಊದಿದ್ದ ಅವಳ ಕೈಯನ್ನು ಬಸು ಆಗ ನೋಡಿದ. ನೆಲಕ್ಕೆ ಕೂತು, ಡಬ್ಬಿಯ ರಕ್ತ ಮೆತ್ತಿದ್ದ ಮೂಲೆಗೆ ಎಳೆಯ ತುದಿ ಒತ್ತಿ ಹಿಡಿದ.