ಏಳನೆಯ ಹೆಜ್ಜೆಯ ಸೊನ್ನೆ

ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಕಪಾಟು ಒರೆಸುತ್ತೇನೆ. ಮೇಲಿನ ಹಲಗೆಯಿಂದ ಶುರು, ಕೆಳಗಿನ ಹಲಗೆಗೆ ಮುಕ್ತಾಯ. ಎಲ್ಲಕ್ಕಿಂತ ಕೆಳಗೆ, ಕೆಂಪು ಅಂಚಿನ ಬೈರಾಸಿನಲ್ಲಿ, ಅಂದರೆ ಮೈ ಒರೆಸುವ ವಸ್ತ್ರದಲ್ಲಿ, ಸುತ್ತಿಟ್ಟ ಒಂದು ಗ್ರಾಮಫೋನ್ ರೆಕಾರ್ಡ್ ಉಂಟು. ಬೈರಾಸು ಬಿಡಿಸಿದ ಕೂಡಲೇ ನುಸಿಗುಳಿಗೆ, ತೆಂಗಿನೆಣ್ಣೆ ಮತ್ತು ಹಳೆಯ ಮರದ ವಾಸನೆ ಒಟ್ಟಿಗೆ ಬರುತ್ತದೆ. ಎಷ್ಟು ಸಲ ಒಗೆದರೂ ಅದು ಹೋಗಲಿಲ್ಲ. ಈಗ ಒಗೆಯುವುದನ್ನೇ ಬಿಟ್ಟಿದ್ದೇನೆ. ಅದು ಪಾಸ್ಕು ಬಾಪ್ಪುವಿನ ಗಿಟಾರಿನ ವಾಸನೆ. ತಂದೆಯ ತಮ್ಮನನ್ನು ನಮ್ಮ ಕೊಂಕಣಿಯಲ್ಲಿ ಬಾಪ್ಪು ಎನ್ನುತ್ತೇವೆ. ರೆಕಾರ್ಡಿನ ಹೊದಿಕೆಯ ಮೇಲೆ ಬಾಪ್ಪು ಯಾರದೋ ಕೋಟು ಹಾಕಿಕೊಂಡು, ಗಿಟಾರನ್ನು ಕೂಸಿನ ಹಾಗೆ ಎತ್ತಿಕೊಂಡು ನಿಂತಿದ್ದಾನೆ. ಕೋಟಿನ ತೋಳು ಎರಡು ಬೆರಳಿನಷ್ಟು ಉದ್ದವಾಗಿದೆ. ಆ ವಾಸನೆ ಮೂಗಿಗೆ ಬಡಿದ ಮೇಲೆ ಕೈಯಲ್ಲಿನ ಕೆಲಸ ಹತ್ತು ನಿಮಿಷ ನಿಲ್ಲುತ್ತದೆ. ಹಳೆಯ ಮನೆಯೊಂದು ಕಣ್ಣೆದುರಿನಿಂದ ಹೋದದ್ದನ್ನು ಕಂಡವರಿಗೆ ಅದು ಎಂಥ ಹತ್ತು ನಿಮಿಷವೆಂದು ನಾನು ಹೇಳಬೇಕಾಗಿಲ್ಲ.

ನಮ್ಮ ಮನೆ ಬಿಜೈಯಲ್ಲಿತ್ತು. ಹಂಚಿನ ಮಾಡು, ಮುಂದೆ ಕೆಂಪು ನೆಲದ ಜಗಲಿ, ಜಗಲಿಯಿಂದ ಗೇಟಿನವರೆಗೆ ಸೆಗಣಿ ಸಾರಿಸಿದ ಉದ್ದನೆಯ ಅಂಗಳ. ಪಪ್ಪ ಶಾಲೆಯಲ್ಲಿ ಮಾಸ್ತರರು, ಮನೆಯಲ್ಲಿಯೂ ಅದೇ. ಐದೂವರೆಗೆ ಏಳುವುದು, ಆರಕ್ಕೆ ಚರ್ಚಿನ ಪೂಜೆಗೆ ಹೊರಡುವುದು, ಸಂಜೆ ಏಳಕ್ಕೆ ಜಪಸರದ ಪ್ರಾರ್ಥನೆ, ಎಂಟಕ್ಕೆ ಊಟ. ಏಳರ ಗಂಟೆ ಬಾರಿಸುವ ಕೆಲಸ ನನ್ನದು. ನಾನು ಅದನ್ನು ಬಹಳ ಹೆಮ್ಮೆಯಿಂದ ಮಾಡುತ್ತಿದ್ದೆ. ಒಂದು ನಿಮಿಷ ಹಿಂದೆ ಇಲ್ಲ, ಮುಂದೆ ಇಲ್ಲ. ಆ ಮನೆಯಲ್ಲಿ ಗಡಿಯಾರಕ್ಕೆ ಹೆದರದವರು ಇಬ್ಬರೇ: ಓದು ಬಾರದ ಅಜ್ಜಿ, ಮತ್ತು ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಬಾಪ್ಪು. ಸಾಯಂಕಾಲ ಕೆಲಸದಿಂದ ಬಂದವನೇ ಜಗಲಿಯ ಕಟ್ಟೆಯ ಮೇಲೆ ಕುಳಿತು ಅವನು ಗಿಟಾರ್ ಮಿಡಿಯುತ್ತಿದ್ದ. ಅಡಿಗೆಮನೆಯ ಹೊಗೆ, ಮೀನು ಹುರಿಯುವ ಚುರುಚುರು, ಆ ತಂತಿಯ ಸದ್ದು, ಮೂರೂ ಸೇರಿದರೆ ಅದು ನಮ್ಮ ಸಂಜೆ.

ನಾನು ಆರನೆಯ ಕ್ಲಾಸಿನಲ್ಲಿದ್ದ ವರ್ಷ ಬೊಂಬಾಯಿಯಿಂದ ಅವನಿಗೆ ಒಂದು ಕಾಗದ ಬಂತು. ನಮ್ಮ ಕಡೆಯ ಹಳೆಯ ಕುಣಿತದ ಪದಗಳನ್ನು, ಹಾಡುವವರಿಲ್ಲದೆ ಬರೀ ಗಿಟಾರಿನಲ್ಲಿ ನುಡಿಸಿ, ಒಂದು ದೊಡ್ಡ ರೆಕಾರ್ಡ್ ಮಾಡಬಹುದೆಂದು ಅಲ್ಲಿನ ಕಂಪೆನಿಯವರು ಒಪ್ಪಿದ್ದರು. ಒಂದು ಬದಿಗೆ ಆರು, ಒಟ್ಟು ಹನ್ನೆರಡು. ಹನ್ನೆರಡು ಸಿಗದಿದ್ದರೆ ಉಳಿದ ಜಾಗಕ್ಕೆ ಬೇರೆ ಯಾರದೋ ಸಿನಿಮಾದ ರಾಗ ಹಾಕುತ್ತೇವೆ ಎಂದೂ ಬರೆದಿದ್ದರು. ಬಾಪ್ಪುವಿಗೆ ಹನ್ನೊಂದು ಗಟ್ಟಿಯಾಗಿ ಬರುತ್ತಿದ್ದವು. ಹನ್ನೆರಡನೆಯದು ಅಜ್ಜಿಯ ತವರಿನದು. ನದಿಯಾಚೆ ಉಳ್ಳಾಲದ ಹತ್ತಿರದ ಆ ಊರಿನಲ್ಲಿ, ಮದುವೆಯಾಗಿ ಮದುಮಗಳು ಮನೆಗೆ ಬರುವಾಗ ಹೆಂಗಸರು ಗೇಟಿನಿಂದ ಹೊಸ್ತಿಲವರೆಗೆ ಅವಳ ಮುಂದೆ ಕುಣಿಯುತ್ತಾ ಬರುವ ಪದ. ರಾಗ ಬಾಪ್ಪುವಿನ ಕಿವಿಯಲ್ಲಿ ಇತ್ತು. ಆದರೆ ಅವನು ನುಡಿಸಿದ್ದನ್ನು ಕೇಳಿ ಅಜ್ಜಿ ಅಲ್ಲವೆಂದು ತಲೆಯಾಡಿಸಿದಳು.

"ನಿನ್ನ ಪದ ಪೂಜೆಗೆ ಹೋಗುವ ಹಾಗೆ ಉಂಟು ಪಾಸ್ಕು. ಮದುವೆಗೆ ಹೋಗುವ ಹಾಗೆ ಇಲ್ಲ."

"ಹಾಗಾದರೆ ನೀನೇ ತೋರಿಸು ಮಾಂಯ್," ಎಂದು ಬಾಪ್ಪು ತಾಯಿಯನ್ನು ಕೇಳಿದ.

ತೋರಿಸುವಷ್ಟರಲ್ಲಿ ಬೂದಿ ಬುಧವಾರ ಬಂದುಬಿಟ್ಟಿತು. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಅಂದಿನಿಂದ. ನಮ್ಮ ಮನೆಯ ತಪಸ್ಸುಕಾಲವೆಂದರೆ ಹುಡುಗಾಟವಲ್ಲ. ಪಪ್ಪ ಹೇಳಿ ನಾನು ಗುಂಡಗಿನ ಅಕ್ಷರದಲ್ಲಿ ಬರೆದ ಪಟ್ಟಿ ಗೋಡೆಯ ಮೇಲೆ ಇತ್ತು: ಮಾಂಸ ಇಲ್ಲ, ಹಾಡು ಇಲ್ಲ, ವಾದ್ಯ ಇಲ್ಲ, ಕುಣಿತ ಇಲ್ಲ. ರೆಕಾರ್ಡಿಂಗಿಗೆ ಕಂಪೆನಿ ಕೊಟ್ಟದ್ದು ತಪಸ್ಸುಕಾಲದೊಳಗೇ, ಪವಿತ್ರ ವಾರದ ಹಿಂದಿನ ವಾರ. ಬಾಪ್ಪು ಕಾಗದ ಹಿಡಿದುಕೊಂಡು ಪಪ್ಪನ ಮೇಜಿನ ಮುಂದೆ ಶಾಲೆಯ ಹುಡುಗನ ಹಾಗೆ ನಿಂತ. ಪಪ್ಪ ಎರಡು ಸಲ ಓದಿದರು. "ಬೊಂಬಾಯಿಯಲ್ಲಿ ನೀನು ಮಾಡುವುದು ನಿನಗೆ ಮತ್ತು ದೇವರಿಗೆ ಬಿಟ್ಟದ್ದು. ಈ ಮನೆಯೊಳಗೆ ಪಾಸ್ಕ ಹಬ್ಬದವರೆಗೆ ತಂತಿ ಸದ್ದು ಮಾಡಬಾರದು," ಎಂದರು. ಬಾಪ್ಪು ಈ ಬೈರಾಸನ್ನು ಮಡಚಿ ತಂತಿಗಳ ಅಡಿಗೆ ತುರುಕಿದ, ಮತ್ತೆ ಕಟ್ಟೆಯ ಮೇಲೆ ಕುಳಿತು ನುಡಿಸಿದ. ಬೆರಳು ಓಡುತ್ತಿತ್ತು, ಸದ್ದು ಮಾತ್ರ ಒಣಗಿದ ಎಲೆಯ ಮೇಲೆ ಹನಿ ಬಿದ್ದಷ್ಟು. ಹನ್ನೊಂದು ಪದಗಳಿಗೆ ಅದು ಸಾಕಾಗುತ್ತಿತ್ತು. ಹನ್ನೆರಡನೆಯದರ ನಡೆ ಲೋಕದಲ್ಲಿ ಅಜ್ಜಿಯೊಬ್ಬಳ ಕಾಲಿನಲ್ಲಿ ಮಾತ್ರ ಉಳಿದಿತ್ತು. ಅವಳ ಜೊತೆ ಕುಣಿದವರು ಈಗ ಯಾರೂ ಬದುಕಿರಲಿಲ್ಲ.

ಒಂದು ದಿನ ಶಾಲೆಯಿಂದ ಬಂದಾಗ ಅಜ್ಜಿ ಪಟ್ಟಿಯ ಮುಂದೆ ನಿಂತಿದ್ದಳು.

"ಬಾಯೆ, ಇದನ್ನು ಓದು ನೋಡುವ."

ಓದಿದೆ.

"ನಡೆಯಬಾರದು ಅಂತ ಬರೆದುಂಟಾ?"

ನಾನು ಮೇಲಿನಿಂದ ಕೆಳಗೆ ಇನ್ನೊಮ್ಮೆ ನೋಡಿದೆ. "ಇಲ್ಲ."

"ಸರಿ ನೋಡಿದೆಯಾ? ಮತ್ತೆ ನಿನ್ನ ಅಪ್ಪನ ಮುಂದೆ ನನ್ನನ್ನು ಸಿಕ್ಕಿಸಬೇಡ."

"ಇಲ್ಲ ಅಜ್ಜಿ. ನಡೆಯಬಹುದು."

ಅವಳು ಸೊಂಟಕ್ಕೆ ಸುತ್ತಿದ ಮುಂಡು ಬಿಗಿದುಕೊಂಡು ಗೇಟಿನ ಹತ್ತಿರ ಹೋಗಿ ನಿಂತಳು. ನನಗೆ ಪುಸ್ತಕ, ಪೆನ್ಸಿಲು ತರಲು ಹೇಳಿದಳು. ಪ್ರತಿ ಹೆಜ್ಜೆಗೆ ಒಂದು ಗೆರೆ. ಸಣ್ಣ ಹೆಜ್ಜೆಗೆ ಸಣ್ಣ ಗೆರೆ, ದೊಡ್ಡದಕ್ಕೆ ದೊಡ್ಡದು. ತಿರುಗಿದಲ್ಲಿ ಒಂದು ಕೊಕ್ಕೆ. ಬಾಪ್ಪು ಭಾನುವಾರ ತಾನೇ ನೋಡುತ್ತೇನೆಂದು ಬೇಡಿಕೊಂಡ. ಅಜ್ಜಿ ಒಪ್ಪಲಿಲ್ಲ. "ನೀನು ನೋಡಿದರೆ ಅದು ಕುಣಿತ ಆಗ್ತದೆ. ಮಗು ನೋಡಿದರೆ ನಡಿಗೆ," ಎಂದಳು. ಅಷ್ಟು ಸೂಕ್ಷ್ಮವಾದ ನ್ಯಾಯವನ್ನು ನಾನು ಆಮೇಲೆ ಎಲ್ಲಿಯೂ ಕೇಳಲಿಲ್ಲ.

ಹೀಗೆ ಎರಡು ವಾರ, ದಿನವೂ ನಾಲ್ಕೂವರೆಯಿಂದ. ತುಟಿ ಬಿಗಿದುಕೊಂಡು, ಕಣ್ಣು ಅರ್ಧ ಮುಚ್ಚಿ, ಅಂಗಳದ ಬಿಸಿಲಿನಲ್ಲಿ ಅಜ್ಜಿ ಗೇಟಿನಿಂದ ಹೊಸ್ತಿಲಿಗೆ ಬರುತ್ತಿದ್ದಳು. ಅವಳ ಮುಂಡಿನ ಅಂಚು ಅತ್ತಿತ್ತ ತೂಗುತ್ತಿತ್ತು. ಕೈ ಮಾತ್ರ ಜಪ ಮಾಡುವವಳ ಹಾಗೆ ಎದೆಯ ಮೇಲೆ. ಮೀನು ಮಾರುವ ಗಿರಿಜಕ್ಕ ಬುಟ್ಟಿ ಖಾಲಿ ಮಾಡಿಕೊಂಡು ಹೋಗುವಾಗ ಗೇಟಿನಲ್ಲಿ ನಿಂತು ನಕ್ಕಳು. "ಎಂತ ಬಾಯಮ್ಮ, ಅಂಗಳ ಅಳೆದು ಮಾರ್ಲಿಕ್ಕೆ ಉಂಟಾ?" ಒಮ್ಮೆ ಪಪ್ಪನೇ ಬೇಗ ಬಂದರು. ತಾಯಿಯನ್ನು ನೋಡಿದರು, ನನ್ನ ಪುಸ್ತಕ ನೋಡಿದರು, ಒಳಗೆ ಹೋಗಿ ಗೋಡೆಯ ಪಟ್ಟಿಯನ್ನೂ ನೋಡಿ ಬಂದರು.

"ಮಾಂಯ್, ಏನು ಮಾಡ್ತಾ ಇದ್ದೀರಿ?"

"ನಡೀತಾ ಇದ್ದೇನೆ. ಡಾಕ್ಟರು ಹೇಳಿದ್ದಲ್ಲವಾ?"

ಪಪ್ಪ ವಾಚು ನೋಡಿಕೊಂಡರು. "ಆರರೊಳಗೆ ಮುಗಿಸಿ," ಎಂದಷ್ಟೇ ಹೇಳಿ ಬೂಟು ಕಳಚಲು ಹೋದರು.

ಆರಕ್ಕೆ ಬಾಪ್ಪು ಬಂದು ನನ್ನ ಪುಸ್ತಕವನ್ನು ಮೊಣಕಾಲ ಮೇಲೆ ಹರಡಿಕೊಂಡು ಬೈರಾಸು ತುರುಕಿದ ಗಿಟಾರಿನಲ್ಲಿ ಅದನ್ನು ಅನುಸರಿಸುತ್ತಿದ್ದ. ಪ್ರತಿ ಏಳನೆಯ ಹೆಜ್ಜೆಯ ತಿರುವಿನಲ್ಲಿ ಅಜ್ಜಿ ಒಂದು ಕ್ಷಣ ನಿಲ್ಲುತ್ತಿದ್ದಳು. ಅದಕ್ಕೆ ಏನು ಗುರುತು ಹಾಕಬೇಕೆಂದು ಯಾರೂ ಹೇಳಿರಲಿಲ್ಲ. ನಾನೇ ಒಂದು ಸೊನ್ನೆ ಬರೆದೆ. ಎಲ್ಲ ಪುಟದಲ್ಲಿಯೂ, ಎಲ್ಲ ಸಾಲಿನಲ್ಲಿಯೂ, ಏಳರ ನಂತರ ಒಂದು ಸೊನ್ನೆ. "ಇದಾ ಇದರ ಗುಟ್ಟು!" ಎಂದು ಬಾಪ್ಪು ನನ್ನ ಬೆನ್ನು ತಟ್ಟಿದ. ಆ ರಾತ್ರಿ ನಾನು ನಿದ್ದೆಯಲ್ಲಿಯೂ ನಕ್ಕಿರಬೇಕು. ಮುಂದಿನ ವಾರ ಅವನು ಬೊಂಬಾಯಿಗೆ ಬಸ್ಸು ಹತ್ತಿದ.

ರೆಕಾರ್ಡ್ ಹಿಡಿದುಕೊಂಡು ಅವನು ಮರಳಿ ಬಂದದ್ದು ಮಳೆಗಾಲದ ಕೊನೆಗೆ. ನಮ್ಮಲ್ಲಿ ಗ್ರಾಮಫೋನ್ ಇರಲಿಲ್ಲ. ಪಪ್ಪ ತಾನಾಗಿಯೇ ಪಕ್ಕದ ಮನೆಯಿಂದ ಕೇಳಿ ಹೊತ್ತು ತಂದರು, ಧೂಳು ಒರೆಸಿ ಜಗಲಿಯಲ್ಲಿಟ್ಟರು. ಅಜ್ಜಿ ಹೊಸ ಮುಂಡು ಉಟ್ಟು ಕುರ್ಚಿಯಲ್ಲಿ ಕುಳಿತಳು. ಹನ್ನೊಂದು ಪದ ಮುಗಿದವು. ಅವಳ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿತ್ತು. ಹನ್ನೆರಡನೆಯದು ಶುರುವಾಯಿತು. ಗೇಟು, ಅಂಗಳ, ಮುಂಡಿನ ಅಂಚು ಎಲ್ಲ ಅದರಲ್ಲಿತ್ತು. ಏಳು ಹೆಜ್ಜೆ ಆಗಿ ಗಿಟಾರು ಒಂದು ಕ್ಷಣ ನಿಂತಿತು. ಅಜ್ಜಿಯ ಬೆರಳು ಮಾತ್ರ ನಿಲ್ಲದೆ ಮುಂದೆ ಹೋಗಿ, ತಡವರಿಸಿ ಹಿಂದೆ ಬಂತು. ಮುಂದಿನ ಸಾಲಿನಲ್ಲಿಯೂ ಹಾಗೆಯೇ. ಅವಳು ಎಡ ಮೊಣಗಂಟನ್ನು ಹಿಡಿದುಕೊಂಡು ನಗಲು ಶುರು ಮಾಡಿದಳು.

"ಅಯ್ಯೋ ದೇವಾ! ಇವನು ನನ್ನ ಮೊಣಗಂಟನ್ನು ಬಾರಿಸಿದ್ದಾನೆ ಮಾರಾಯ್ರೇ!"

ಬಾಪ್ಪುವಿನ ಮುಖ ಬಿಳಿಚಿತು. "ಎಂತ ಮಾಂಯ್?"

"ಪದದಲ್ಲಿ ಅಲ್ಲಿ ನಿಲ್ಲಲಿಕ್ಕೆ ಇಲ್ಲ. ತಿರುಗುವಾಗ ನನ್ನ ಗಂಟು ಹಿಡೀತಿತ್ತು. ಅದಕ್ಕೆ ನಿಂತದ್ದು."

ಬಾಪ್ಪು ನನ್ನನ್ನು ನೋಡಿದ. ನಾನು ಒಳಗೆ ಓಡಿ ಪುಸ್ತಕ ತಂದು ಪಪ್ಪನ ಕೈಗೆ ಕೊಟ್ಟೆ, ತಪ್ಪು ಮಾಡಿದವರು ಹಾಗೆ ಮಾಡಬೇಕೆಂದು ಕಲಿಸಿದ್ದು ಅವರೇ. ಕಣ್ಣಲ್ಲಿ ನೀರು ತುಂಬಿ ಸೊನ್ನೆಗಳೆಲ್ಲ ಒಂದರ ಮೇಲೊಂದು ಕಾಣುತ್ತಿದ್ದವು. ಪಪ್ಪ ಪುಟ ತಿರುಗಿಸಿ ನೋಡಿದರು. "ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾಳೆ. ಇದರಲ್ಲಿ ತಪ್ಪು ಇಲ್ಲ," ಎಂದರು. ಅವರ ಬಾಯಿಂದ ಅಂಥ ಮಾತು ನನಗೆ ಸಿಕ್ಕಿದ್ದು ಕಡಿಮೆ.

"ಇನ್ನು ಬದಲು ಮಾಡ್ಲಿಕ್ಕೆ ಆಗುವುದಿಲ್ಲವಾ?" ಅಜ್ಜಿ ಕೇಳಿದಳು.

"ಆಗುವುದಿಲ್ಲ ಮಾಂಯ್. ಅಂಗಡಿಗೆ ಹೋಗಿ ಆಯಿತು."

"ಹಾಗಾದರೆ ಇರಲಿ ಬಿಡು. ಕುಣಿಯುವವರು ಅಲ್ಲಿ ಸ್ವಲ್ಪ ಉಸಿರು ಬಿಡಲಿ. ಇನ್ನೊಮ್ಮೆ ಹಾಕು ನೋಡುವ."

ಆ ದಿನ ಹನ್ನೆರಡನೆಯ ಪದವನ್ನು ನಾಲ್ಕು ಸಲ ಹಾಕಿದೆವು. ಜಪಸರದ ಗಂಟೆ ನಾನು ಹತ್ತು ನಿಮಿಷ ತಡವಾಗಿ ಬಾರಿಸಿದೆ. ಪಪ್ಪ ಗಡಿಯಾರ ನೋಡಲಿಲ್ಲ.

ಮುಂದಿನ ತಪಸ್ಸುಕಾಲ ನೋಡಲು ಅಜ್ಜಿ ಇರಲಿಲ್ಲ. ಬಾಪ್ಪು ಮತ್ತೆ ಬೊಂಬಾಯಿಗೆ ಹೋಗಿ ಅಲ್ಲಿಯೇ ನಿಂತ. ಹೋಟೆಲುಗಳಲ್ಲಿ ನುಡಿಸಿದ, ಮದುವೆಯಾಗಲಿಲ್ಲ, ಎರಡನೆಯ ರೆಕಾರ್ಡ್ ಮಾಡಲಿಲ್ಲ. ಅವನು ತೀರಿಕೊಂಡ ಮೇಲೆ ನಮಗೆ ಬಂದ ಪೆಟ್ಟಿಗೆಯಲ್ಲಿ ಈ ಬೈರಾಸು ಮಡಚಿದಂತೆಯೇ ಇತ್ತು. ಬಿಜೈಯ ಮನೆಯ ಜಾಗದಲ್ಲಿ ಈಗ ಐದು ಮಾಳಿಗೆಯ ಕಟ್ಟಡ ಎದ್ದಿದೆ. ಅಂಗಳವಿದ್ದಲ್ಲಿ ಕಾರುಗಳು ನಿಲ್ಲುತ್ತವೆ.

ಕಳೆದ ಜನವರಿಯಲ್ಲಿ ವಾಮಂಜೂರಿನ ಒಂದು ಮದುವೆಗೆ ಹೋಗಿದ್ದೆ. ಮದುಮಗಳು ಸಭಾಂಗಣದ ಗೇಟು ದಾಟಿದಾಗ ಬ್ಯಾಂಡಿನವರು ಆ ಹನ್ನೆರಡನೆಯ ಪದ ಎತ್ತಿಕೊಂಡರು. ಹುಡುಗಿಯರೆಲ್ಲ ಕುಣಿಯುತ್ತಾ ಬಂದರು. ಏಳನೆಯ ಹೆಜ್ಜೆಗೆ ತಿರುಗಿ, ಎಡಗಾಲು ಊರಿ, ಇಡೀ ಸಾಲೇ ಒಂದು ಕ್ಷಣ ನಿಂತು ಮುಂದೆ ಹೋಯಿತು. ನನ್ನ ಪಕ್ಕದಲ್ಲಿದ್ದ ಹುಡುಗಿ ಕೈ ಹಿಡಿದು ಎಳೆದಳು. "ಬನ್ನಿ ಆಂಟಿ. ಆದರೆ ಅಲ್ಲಿ ನಿಲ್ಲಬೇಕು ಆಯ್ತಾ? ಅದು ಹಿಂದಿನ ಕಾಲದ ಕ್ರಮ." ಶಾಲೆಯಲ್ಲಿ ಮೂವತ್ತಾರು ವರ್ಷ ಮಕ್ಕಳ ತಪ್ಪು ತಿದ್ದಿದವಳು ನಾನು. ಅವಳನ್ನು ತಿದ್ದಲಿಲ್ಲ. "ಗೊತ್ತುಂಟು ಮಗಾ," ಎಂದು ಅವಳ ಜೊತೆ ಹೆಜ್ಜೆ ಹಾಕಿದೆ. ಒಂದರಿಂದ ಏಳರವರೆಗೆ ಮನಸ್ಸಿನಲ್ಲೇ ಗೆರೆ ಎಳೆದೆ. ತಿರುವಿನಲ್ಲಿ ಎಲ್ಲರೂ ನಿಂತರು. ನನ್ನ ಎಡ ಮೊಣಗಂಟು ಈಗ ತಾನಾಗಿಯೇ ಅಲ್ಲಿ ನಿಲ್ಲುತ್ತದೆ.